ನಾನು ತುಂಬಿದೆನೆಂದ ತೋಟಾಗಳು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬೆಳಗಾವಿಯ ಒಂದು ಮಷೀನ್ ಶಾಪಿನಲ್ಲಿ ಟರ್ನರ್ ಆಗಿದ್ದೆ. ಲೇಥ್ ಮುಂದೆ ನಿಂತರೆ ನನ್ನಷ್ಟು ಜಂಬದ ಮನುಷ್ಯ ಆ ಇಡೀ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ ನಾವು ‘ಥೌ’ ಅನ್ನುತ್ತಿದ್ದೆವು. ಉಳಿದವರು ಎರಡು ಥೌ ಹೆಚ್ಚುಕಡಿಮೆ ಮಾಡಿ, ನಡೆಯುತ್ತದೆ ಬಿಡು ಅನ್ನುವಾಗ ನಾನು ಅರ್ಧ ಥೌಗೆ ಮೈಕ್ರೋಮೀಟರ್ ಹಿಡಿದು ಜಗಳ ತೆಗೆಯುತ್ತಿದ್ದೆ. ನನ್ನ ಮಷೀನಿನ ಹತ್ತಿರ ಬರುವಾಗ ಸೂಪರ್‌ವೈಸರ್ ಕೂಡ ಒಮ್ಮೆ ಕೆಮ್ಮಿ ಬರುತ್ತಿದ್ದ. ಇದನ್ನು ಹೇಳಿಕೊಳ್ಳಲು ಈಗ ಹೆಮ್ಮೆಯೇನೂ ಇಲ್ಲ. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ, ಅಷ್ಟೇ.

ಪಕ್ಕದ ಫೌಂಡ್ರಿಯಲ್ಲಿ ನನಗೊಬ್ಬ ಗೆಳೆಯನಿದ್ದ. ಮೋಲ್ಡರ್ ಕೆಲಸ. ಮಣ್ಣಿನ ಅಚ್ಚು ಕಟ್ಟಿ, ಕಾದ ಕಬ್ಬಿಣ ಹೊಯ್ಯುವವನು. ಅವನ ಊರು ಖಾನಾಪುರದಿಂದ ಆಚೆ, ಲೋಂಡಾ ದಾರಿಯಲ್ಲಿ, ಕಾಡಿಗೆ ಅಂಟಿಕೊಂಡಿರುವ ಹಳ್ಳಿ. ದಿನಾ ಬೆಳಿಗ್ಗೆ ಖಾನಾಪುರಕ್ಕೆ ಸೈಕಲ್ ತುಳಿದು ಬಂದು, ಅಲ್ಲಿಂದ ರೈಲು ಹತ್ತಿ ಬೆಳಗಾವಿಗೆ ಬರುತ್ತಿದ್ದ. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿ. ಮನೆಯವರ ಪಾಲಿಗೆ ಅವನು ಸಂಬಳದವನು, ಅವನ ಮನಸ್ಸಿನೊಳಗೆ ಮಾತ್ರ ಮೂರು ಎಕರೆ ಭತ್ತದ ಗದ್ದೆ. ಆ ಗದ್ದೆಗೆ ಕಾಡುಹಂದಿಯ ಕಾಟ.

ಅವನ ಅಪ್ಪನ ಕಾಲದಿಂದ ಬೆಳೆ ಕಾಯಲೆಂದು ಕೊಟ್ಟ ಬಂದೂಕಿನ ಲೈಸನ್ಸ್ ಇತ್ತು. ಇದ್ದದ್ದು ನಳಿಗೆಯ ಬಾಯಿಂದಲೇ ಮದ್ದು ತುಂಬುವ ಹಳೆಯ ಕೇಪಿನ ಬಂದೂಕು. ಒಮ್ಮೆ ಹೊಡೆದರೆ ಹಂದಿಗಿಂತ ಹೊಡೆದವನೇ ಹೆಚ್ಚು ಬೆಚ್ಚಿ ಬೀಳುತ್ತಿದ್ದ. ಎರಡು ವರ್ಷ ಕಚೇರಿಗಳಿಗೆ ಅಲೆದಾಡಿ, ಆ ಲೈಸನ್ಸನ್ನು ತಿದ್ದಿಸಿಕೊಂಡು, ಅವನು ಹೊಸ ರೈಫಲ್ ಒಂದನ್ನು ಕೊಂಡ. ಕೊಂಡ ಮರು ರವಿವಾರವೇ ನನ್ನನ್ನು ಊರಿಗೆ ಕರೆದ.

ನಾನು ಅಲ್ಲಿಯವರೆಗೆ ಬಂದೂಕು ಮುಟ್ಟಿದವನಲ್ಲ. ಅವನು ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಅದನ್ನು ಬಿಚ್ಚಿ ನನ್ನ ತೊಡೆಯ ಮೇಲಿಟ್ಟ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಒಳಮೈಯಲ್ಲಿ ಸುರುಳಿ ಸುರುಳಿಯಾಗಿ ಗೆರೆಗಳು, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ಇದನ್ನು ಕೊರೆದವನು ಯಾರೋ ನನ್ನ ಜಾತಿಯವನೇ, ಅರ್ಧ ಥೌಗೆ ಜಗಳ ತೆಗೆಯುವವನು, ಅನ್ನಿಸಿತು. ಮನಸ್ಸು ಸೋತುಹೋಯಿತು. ಅದು ಕೊಲ್ಲುವ ವಸ್ತು ಅನ್ನುವುದು ತಲೆಗೆ ಬರಲೇ ಇಲ್ಲ.

ಕಷ್ಟವೆಲ್ಲ ತೋಟಾದ್ದು. ಫ್ಯಾಕ್ಟರಿಯ ತೋಟಾ ವರ್ಷಕ್ಕೆ ಇಷ್ಟೇ ಎಂದು ಲೈಸನ್ಸಿನಲ್ಲಿ ಬರೆದಿರುತ್ತದೆ. ಹಂದಿಗೆ ಲೈಸನ್ಸ್ ಓದಲು ಬರುವುದಿಲ್ಲ. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆಗೆ ಮತ್ತೆ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಕೂಡಿಸಿ, ಮದ್ದು ತುಂಬಿ, ಸೀಸದ ಗುಂಡು ಕೂಡಿಸಿದರೆ ಅದೇ ತೋಟಾ ಇನ್ನೊಮ್ಮೆ ಹಾರುತ್ತದೆ. ಆದರೆ ಅದು ಕೈಗೆ ಬಂದಷ್ಟು ತುಂಬುವ ಕೆಲಸವಲ್ಲ.

“ನಿನ್ನಂಥಾಂವಂದ ಈ ಕೆಲಸ. ನಮ್ಮ ಊರಾಗ ಇದನ್ನ ಮಾಡೂ ಕೈ ಒಂದೂ ಇಲ್ಲ” ಅಂದ.

ಆ ಮಾತಿಗೆ ನಾನು ಉಬ್ಬಿಹೋದೆ. ಕಾನೂನಿಗೆ ಸಲ್ಲದ ಕೆಲಸವೆಂದು ಇಬ್ಬರಿಗೂ ಗೊತ್ತಿತ್ತು. ಮದ್ದು ಎಲ್ಲಿಂದ ಬಂತು, ಕೇಪು ಯಾರು ಕೊಟ್ಟರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗುಂಡು ಎರಕ ಹೊಯ್ಯುವ ಅಚ್ಚನ್ನು ಊಟದ ಬಿಡುವಿನಲ್ಲಿ ಲೇಥ್ ಮೇಲೆ ನಾನೇ ಮಾಡಿದೆ. ಸೀಸ ಕರಗಿಸುವುದು ಅವನ ಫೌಂಡ್ರಿಯ ಮೂಲೆಯಲ್ಲಿ, ಅವನ ಕೈಯಲ್ಲಿ. ತೂಗುವುದಕ್ಕೆ ಶಹಾಪುರ ಪೇಟೆಯ ಪರಿಚಯದ ಪತ್ತಾರನ ಬಳಿ, ಬಂಗಾರ ತೂಗುವ ಚಿಕ್ಕ ತಕ್ಕಡಿಯನ್ನೂ ಒಂದು ಮುಷ್ಟಿ ಗುಲಗಂಜಿಯನ್ನೂ ಎರವಲು ತಂದೆ. ಗುಲಗಂಜಿಗಳನ್ನು ಒಂದಕ್ಕೊಂದು ತೂಗಿ, ಒಂದೇ ಭಾರದವನ್ನು ಆರಿಸಿಕೊಳ್ಳುವುದಕ್ಕೇ ಎರಡು ಸಂಜೆ ಹಿಡಿಯಿತು. ಅಷ್ಟು ಶಿಸ್ತು ನನ್ನದು.

ಇನ್ನು ಮನೆಯ ವಿಷಯ. ನಮ್ಮದು ಲಿಂಗಾಯತರ ಮನೆ. ತತ್ತಿಯ ಹೆಸರನ್ನೂ ಎತ್ತುವಂತಿಲ್ಲ. ನನ್ನ ಹೆಂಡತಿಯಂತೂ ಇರುವೆ ಸಾಲುಗಟ್ಟಿದರೆ ಕಸಬರಿಗೆ ಹಿಡಿಯದೆ ಸಕ್ಕರೆ ಡಬ್ಬಿಯನ್ನೇ ಬೇರೆ ಕಡೆ ಎತ್ತಿಡುವವಳು. ಪಡಸಾಲೆಯಲ್ಲಿ ತಕ್ಕಡಿ ಇಟ್ಟುಕೊಂಡು ಕೂತ ಮೊದಲ ದಿನವೇ ಬಂದು ಕೇಳಿದಳು.

“ಏನ್ರಿ ಇದು?”

“ಬಂದೂಕದ ಮದ್ದು. ದೋಸ್ತನ ಹೊಲಕ್ಕ ಹಂದಿ ಬರ್ತಾವಲ್ಲ, ಅವನ್ನ ಓಡ್ಸಾಕ.”

“ಅಯ್ಯ! ಹೊಡೀತಾರೇನ್ರಿ?”

“ಹೊಡ್ಯೂದೆಲ್ಲಿ ಬಂತು? ಬರೇ ಸಪ್ಪಳದ ತೋಟಾ. ದೀವಳಿಗಿ ಪಟಾಕಿ ಇದ್ದಂಗ. ಸಪ್ಪಳಕ್ಕ ಓಡಿ ಹೋಗ್ತಾವ.”

ಅವಳ ಮುಖ ಸಡಿಲಾಯಿತು. ನನಗೆ ಸುಳ್ಳು ಹೇಳಿದೆನೆಂದೂ ಅನ್ನಿಸಲಿಲ್ಲ. ಹೊಡೆಯುವವನು ಅವನು, ತುಂಬುವವನು ನಾನು, ಪಾಪವಿದ್ದರೆ ಅವನದು ಎಂದು ನನ್ನೊಳಗೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಆ ಲೆಕ್ಕದಲ್ಲಿ ಹೆಂಡತಿಗೆ ನಿಜ ಹೇಳುವ ಜಾಗವೇ ಇರಲಿಲ್ಲ.

ನಾಲ್ಕೈದು ರವಿವಾರ ಪರೀಕ್ಷೆ ನಡೆಯಿತು. ಖಾನಾಪುರದ ಹತ್ತಿರ ಹೆಂಚಿನ ಭಟ್ಟಿಯವರು ಮಣ್ಣು ತೆಗೆದು ಬಿಟ್ಟುಹೋದ ದೊಡ್ಡ ತಗ್ಗೊಂದಿತ್ತು. ಮೂರು ಕಡೆ ಕೆಂಪು ಮಣ್ಣಿನ ಗೋಡೆ. ಗುರಿಗೆಂದು ಅವನು ಮೊದಲ ದಿನ ಹಳೆಯ ಕ್ಯಾಲೆಂಡರ್ ತಂದಿದ್ದ. ಮುಂದಿನ ಬದಿಯಲ್ಲಿ ದೇವರಿದ್ದಾನೆ, ಹಿಂದಿನಿಂದ ಹೊಡೆದರೂ ಅವನಿಗೇ ತಗಲುತ್ತದೆ ಎಂದು ನಾನು ಬೈದು ಡ್ರಾಯಿಂಗ್ ಹಾಳೆ ತರಿಸಿದೆ. ಬಳೆ ಇಟ್ಟು ವೃತ್ತ ಗೀಚಿದೆವು. ನಾನು ತೂಕ ಬದಲಿಸಿ ತುಂಬುವುದು, ಅವನು ಮಲಗಿ ಹೊಡೆಯುವುದು, ಇಬ್ಬರೂ ಓಡಿ ಹೋಗಿ ತೂತು ನೋಡುವುದು. ಮದ್ದು ಕಡಿಮೆಯಾದರೆ ಗುಂಡು ಚೆಲ್ಲಾಪಿಲ್ಲಿ. ಸ್ವಲ್ಪ ಏರಿಸಿದರೆ ಹತ್ತಿರ ಹತ್ತಿರ. ಮತ್ತೊಂದಿಷ್ಟು ಏರಿಸಿದರೆ ಮತ್ತೆ ಚೆಲ್ಲಾಪಿಲ್ಲಿ, ಮೇಲಾಗಿ ಖಾಲಿ ಕೊಳವೆ ರೈಫಲಿನಿಂದ ಹೊರಬರಲು ತಕರಾರು. ಅದು ಅಪಾಯದ ಸೂಚನೆ. ಈ ಮದ್ದು ಕೇಪಿನ ಬಂದೂಕಿನ ಕರಿಮದ್ದಿನಂಥದಲ್ಲ. ಕೊಳವೆಯ ಅರ್ಧದಷ್ಟೂ ತುಂಬುವಂತಿಲ್ಲ. ನೋಡಿದವರಿಗೆ ಜುಗ್ಗತನ ಅನ್ನಿಸಬೇಕು, ಅಷ್ಟು ಕಡಿಮೆ.

ಕೊನೆಗೊಂದು ರವಿವಾರ ಐದು ಗುಂಡುಗಳು ಒಂದು ಬಳೆಯೊಳಗೆ ಬಿದ್ದವು. ಅವನು ಹಾಳೆಯನ್ನು ಎದೆಗೆ ಹಿಡಿದುಕೊಂಡು ತಗ್ಗಿನ ತುಂಬ ಕುಣಿದ. ನಾನೂ ಕುಣಿದೆ. ಮಣ್ಣಿನಿಂದ ಸೀಸದ ಗುಂಡುಗಳನ್ನು ಕೆದರಿ ತೆಗೆದು, ಮತ್ತೆ ಎರಕ ಹೊಯ್ಯಲು ಚೀಲಕ್ಕೆ ಹಾಕಿಕೊಂಡು, ಸ್ಟೇಷನ್ ಎದುರು ಚಹಾ ಕುಡಿದೆವು. ನನ್ನ ಜೀವನದಲ್ಲಿ ಅಷ್ಟು ಖುಷಿಯಾಗಿ ಕುಡಿದ ಚಹಾ ಇನ್ನೊಂದಿಲ್ಲ.

ಆ ತೂಕಕ್ಕೆ ಸರಿಯಾಗಿ ಹಿತ್ತಾಳೆಯ ಒಂದು ಪುಟ್ಟ ಚಮಚವನ್ನು ಲೇಥ್ ಮೇಲೆ ತಿರುವಿ ಮಾಡಿದೆ. ತಲೆ ಸವರಿದಂತೆ ಸಮ ತುಂಬಿದರೆ ಅಷ್ಟೇ ತೂಕ, ಒಂದು ಗುಲಗಂಜಿಯೂ ಆಚೀಚೆ ಇಲ್ಲ. ಇನ್ನು ತಕ್ಕಡಿ ಯಾಕೆ ಎಂದು ಪತ್ತಾರನಿಗೆ ವಾಪಸು ಕೊಟ್ಟುಬಂದೆ. ಗೆಳೆಯನ ಎದುರು ಜಂಬ ಕೊಚ್ಚಿದೆ.

“ನೋಡು, ಇದರಾಗ ನನ್ನ ಕೈ ಬಿಟ್ಟು ಬ್ಯಾರೆ ಯಾರದೂ ಕೈ ಬೀಳೂದಿಲ್ಲ. ನಾ ತುಂಬಿದ್ದು ಅಂದ್ರ ಕಣ್ಮುಚ್ಚಿ ಹೊಡಿ.”

ಆ ಮಾತನ್ನು ಅವನು ಅಕ್ಷರಶಃ ನಂಬಿದ.

ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಬಂದವು. ಎರಡು ದಿನದಲ್ಲಿ ಗದ್ದೆಯ ಒಂದು ಮಡಿ ನೆಲಸಮ. ತುಂಬಿದ ತೋಟಾ ಬೇಕು, ನಾಡಿದ್ದರೊಳಗೆ ಬೇಕು ಅಂದ. ನಮ್ಮ ಶಾಪಿನಲ್ಲಿ ಅದೇ ವಾರ ಅವಸರದ ಆರ್ಡರು, ಎರಡು ಪಾಳಿ ಒಟ್ಟಿಗೆ ದುಡಿಯುತ್ತಿದ್ದೆವು. ಆಗುವುದಿಲ್ಲ ಅನ್ನಬೇಕಿತ್ತು. ಹಾಗನ್ನಲು ನನ್ನ ದೊಡ್ಡಸ್ತಿಕೆ ಬಿಡಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹದಿನೆಂಟು ಕೊಳವೆಗಳಿಗೆ ಕೇಪು ಕೂಡಿಸಿ, ತಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಮದ್ದಿನ ಡಬ್ಬಿ, ಚಮಚ ಎರಡನ್ನೂ ಹೆಂಡತಿಯ ಮುಂದಿಟ್ಟೆ.

“ಒಂದೊಂದಕ್ಕ ಒಂದೊಂದ ಚಮಚ. ತೆಲಿ ಸವರಿ ಹಾಕು. ಒಲಿ ಹತ್ರ ಹೋಗಬ್ಯಾಡ. ಅಷ್ಟ.”

“ಅಷ್ಟ ಏನು? ನಾ ಮಾಡ್ತೀನಿ, ಹೋಗ್ರಿ.”

ಯಾಕೆ ಅಷ್ಟೇ, ಹೆಚ್ಚಾದರೆ ಏನಾಗುತ್ತದೆ ಎಂದು ಹೇಳಲಿಲ್ಲ. ಹೇಳಿದ್ದರೆ ಪಟಾಕಿಯ ಸುಳ್ಳು ಬಯಲಾಗುತ್ತಿತ್ತು. ರಾತ್ರಿ ಮನೆಗೆ ಬಂದು, ಕಣ್ಣು ಎಳೆಯುತ್ತಿದ್ದರೂ ಗುಂಡುಗಳನ್ನು ಕೂಡಿಸಿದೆ. ತೂಗಿ ನೋಡಲು ತಕ್ಕಡಿ ಇರಲಿಲ್ಲ. ಮರುದಿನ ಅವನ ಕೈಗೆ ಕೊಡುವಾಗ, “ನೀನ ತುಂಬಿದ್ದಲ್ಲ?” ಎಂದು ನಗುತ್ತ ಕೇಳಿದ. “ಮತ್ಯಾರು?” ಅಂದೆ.

ಮೂರು ದಿನ ಬಿಟ್ಟು ಫೌಂಡ್ರಿಯ ಗೇಟಿನ ಹತ್ತಿರ ಸಿಕ್ಕಾಗ ಅವನು ಭುಜ ತಿಕ್ಕಿಕೊಳ್ಳುತ್ತಿದ್ದ.

“ಈ ಸಲದವು ಭಾಳ ಒದೀತಾವಲೋ. ಖಾಲಿ ತೋಟಾ ಹೊರಗ ಬರಾಕೂ ತ್ರಾಸ ಮಾಡ್ತಾವ.”

ನನಗೆ ಆ ಕ್ಷಣವೇ ಹೊಳೆಯಿತು. ಇದನ್ನು ನಾನು ಮರೆತಿಲ್ಲ, ಮರೆತಂತೆ ನಟಿಸಿಯೂ ಇಲ್ಲ. ಮಣ್ಣಿನ ತಗ್ಗಿನಲ್ಲಿ ಮದ್ದು ಹೆಚ್ಚಾದಾಗ ಆಗುತ್ತಿದ್ದದ್ದು ಇದೇ. ಉಳಿದವನ್ನು ಹೊಡೆಯಬೇಡ, ವಾಪಸು ತಾ, ತುಂಬಿದ್ದು ನಾನಲ್ಲ, ಅನ್ನಲು ಎಷ್ಟು ಮಾತು ಬೇಕು? ಆದರೆ ತುಂಬಿದ್ದು ನಾನಲ್ಲ ಅನ್ನುವುದೇ ನನ್ನಿಂದ ಆಗಲಿಲ್ಲ. ಹೆಂಡತಿ ತುಂಬಿದ್ದಾಳೆ ಎಂದರೆ ಫೌಂಡ್ರಿಯವರೆಲ್ಲ ಸೇರಿ ನಗುತ್ತಾರೆ ಅನ್ನಿಸಿತು. ನಗೆಯಾಡಿ ತಳ್ಳಿಬಿಟ್ಟೆ.

“ತೋಟಾಕ್ಕೇನೂ ಆಗಿಲ್ಲ. ನಿನ್ನ ಭುಜ ಸೋತೈತಿ. ಮನ್ಯಾಗ ತುಪ್ಪಾ ತಿನ್ನು.”

ಅವನೂ ನಕ್ಕ. ಆಮೇಲೆ ಎರಡನೆಯ ದಿನ ಬೆಳಗಿನ ರೈಲಿನಿಂದ ಅವನು ಇಳಿಯಲಿಲ್ಲ.

ರೈಲಿನ ಅದೇ ಡಬ್ಬಿಯಲ್ಲಿ ಬರುತ್ತಿದ್ದವರೊಬ್ಬರು ಸುದ್ದಿ ತಂದರು. ಹಿಂದಿನ ಸಂಜೆ ಗದ್ದೆಯ ಬದುವಿನ ಮೇಲೆ ಹಂದಿಗೆ ಗುರಿಯಿಟ್ಟು ರೈಫಲಿನ ಕುದುರೆ ಎಳೆದಾಗ, ತೋಟಾದ ಹಿಂಭಾಗವೇ ಸೀಳಿ, ಬೆಂಕಿಯೂ ಹಿತ್ತಾಳೆಯ ಚೂರೂ ಹಿಂದಕ್ಕೆ ಚಿಮ್ಮಿ ಅವನ ಬಲಗಣ್ಣಿಗೆ ಹೊಕ್ಕಿದ್ದವು. ಬೆಳಗಾವಿಯ ಆಸ್ಪತ್ರೆಗೆ ತಂದಿದ್ದಾರೆ ಅಂದರು. ಚಾಲೂ ಇದ್ದ ಲೇಥನ್ನು ಹಾಗೇ ಬಿಟ್ಟು ಓಡಿದೆ.

ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ್ದರು. ಧ್ವನಿಯಿಂದ ನನ್ನನ್ನು ಗುರುತಿಸಿ ಕೈ ಚಾಚಿದ. ಮೊದಲು ಆಡಿದ್ದೇ ನನ್ನ ಬಗ್ಗೆ.

“ಹೆದರಬ್ಯಾಡ. ಪೊಲೀಸರಿಗೆ ನಿನ್ನ ಹೆಸರ ಹೇಳಿಲ್ಲ. ನಾನ ತುಂಬೀನಿ ಅಂದೀನಿ.”

ನಾನು ಮಂಚದ ಅಂಚಿಗೆ ಕೂತೆ.

“ತಪ್ಪು ನಂದ ಅದ. ನಳಗಿಯೊಳಗ ಏನರೆ ಕಸ ಹೊಕ್ಕಿರಬೇಕು, ನಾ ನೋಡ್ಲಿಲ್ಲ. ನೀ ತುಂಬಿದ್ದರಾಗ ಹೆಚ್ಚುಕಡಿಮಿ ಆಗಾಕ ಶಕ್ಯ ಇಲ್ಲ.” ನನ್ನ ಕೈ ಹಿಡಿದುಕೊಂಡು ಮತ್ತೆ ಕೇಳಿದ. “ನೀನ ತುಂಬಿದ್ದಲ್ಲ?”

“ಹೌದು” ಅಂದೆ.

ಅವನು ನನ್ನ ಕೈಯನ್ನು ಮೆಲ್ಲಗೆ ತಟ್ಟಿದ. ಸಮಾಧಾನ ಮಾಡಬೇಕಾದವನು ನಾನು, ಮಾಡುತ್ತಿದ್ದವನು ಅವನು. ಕಣ್ಣು ಉಳಿಯಲಿಲ್ಲ. ರೈಫಲ್ ಜಪ್ತಿಯಾಯಿತು, ಲೈಸನ್ಸ್ ಹೋಯಿತು.

ಆಸ್ಪತ್ರೆಯಿಂದ ಹೊರಡುವಾಗ ಅವನ ಹೆಂಡತಿ ಯಾರಿಗೂ ಕಾಣದಂತೆ ಒಂದು ಬಟ್ಟೆಯ ಗಂಟನ್ನು ನನ್ನ ಚೀಲಕ್ಕೆ ಹಾಕಿದಳು. ಉಳಿದಿದ್ದ ಒಂಬತ್ತು ತೋಟಾಗಳು. ನಾನು ಪತ್ತಾರನಿಂದ ಮತ್ತೆ ತಕ್ಕಡಿ ತಂದು, ಗುಂಡು ಕಿತ್ತು, ಮದ್ದು ಸುರಿದು ತೂಗಿದೆ. ಒಂಬತ್ತರಲ್ಲಿ ಒಂದೂ ಸರಿಯಾದ ತೂಕದ್ದಲ್ಲ. ಎಲ್ಲವೂ ಹೆಚ್ಚು. ಹೆಚ್ಚಿದ್ದೂ ಒಂದೇ ಸಮನಲ್ಲ. ಒಂದರಲ್ಲಿ ತುಸು, ಇನ್ನೊಂದರಲ್ಲಿ ಎದೆ ನಡುಗುವಷ್ಟು.

ಹೆಂಡತಿಯನ್ನು ಕರೆದು, ಸಾಧ್ಯವಾದಷ್ಟು ಸಾವಕಾಶ ಕೇಳಿದೆ.

“ಅವತ್ತ ಹೆಂಗ ಅಳದಿ? ಮಾಡಿ ತೋರ್ಸು.”

ಅವಳು ಕಾಳಿನ ಅಂಗಡಿಯವರ ಮಗಳು. ಬಜಾರದಲ್ಲಿ ಅವರಪ್ಪನ ಅಂಗಡಿ. ಮದುವೆಯಾಗುವವರೆಗೂ ಅಲ್ಲೇ ಕೂತು ಜೋಳ, ತೊಗರಿ ಅಳೆದವಳು. ನಮ್ಮ ಕಡೆ ಅಂಗಡಿಕಾರ ಸೇರು ತುಂಬಿ, ತಲೆ ಸವರಿ, ಗಿರಾಕಿಯ ಚೀಲಕ್ಕೆ ಸುರಿದ ಮೇಲೆ ಒಂದು ಚಿಟಿಕೆಯೋ ಒಂದು ಹಿಡಿಯೋ ಕೊಸರು ಹಾಕಲೇಬೇಕು. ಕೇಳಿದರೂ ಹಾಕುತ್ತಾರೆ, ಕೇಳದಿದ್ದರೂ ಹಾಕುತ್ತಾರೆ. ಬರೀ ಅಳತೆ ಕೊಟ್ಟು ಕೈ ಝಾಡಿಸುವುದು ಮರ್ಯಾದಸ್ಥರ ಲಕ್ಷಣವಲ್ಲ. ಅವಳು ಚಮಚ ತುಂಬಿದಳು. ನಾನು ಹೇಳಿದ್ದಂತೆಯೇ ತಲೆ ಸವರಿದಳು. ಕೊಳವೆಗೆ ಸುರಿದಳು. ಆಮೇಲೆ ಮೂರು ಬೆರಳಿನಲ್ಲಿ ಒಂದು ಚಿಟಿಕೆ ಎತ್ತಿ ಮೇಲೆ ಉದುರಿಸಿದಳು. ನನ್ನ ಮುಖ ನೋಡಿ ನಕ್ಕಳು.

“ಅರ್ಧಾನೂ ತುಂಬಿದ್ದಿಲ್ರಿ, ನೋಡಾಕ ಒಂಥರಾ ಕಾಣಸ್ತಿತ್ತು. ಚೊಲೊ ಸಪ್ಪಳ ಆಗ್ಲಿ, ದೂರ ಓಡಿ ಹೋಗ್ಲಿ ಅಂತ ಒಂದೀಟು ಹಾಕೀನಿ. ಯಾಕ್ರಿ?”

ಹಂದಿಗಳು ಸಾಯದೆ ದೂರ ಓಡಲಿ ಎಂದು ಹಾಕಿದ ಚಿಟಿಕೆ ಅದು. ನಾನು ತಿರುವಿದ ಚಮಚದಲ್ಲಿ ತಪ್ಪಿರಲಿಲ್ಲ, ಅವಳ ಮನಸ್ಸಿನಲ್ಲೂ ತಪ್ಪಿರಲಿಲ್ಲ. ತಪ್ಪಿದ್ದದ್ದು ನಾನು ಹೇಳಿದ ಸುಳ್ಳಿನಲ್ಲಿ. “ಏನಿಲ್ಲ, ಸುಮ್ನ ಕೇಳ್ದೆ” ಅಂದೆ. ಅವನ ಕಣ್ಣು ಹೇಗೆ ಹೋಯಿತು ಎಂದು ಅವಳು ಕೇಳಿದಾಗ, ಬಂದೂಕಿನಲ್ಲೇ ದೋಷವಿತ್ತು ಅಂದೆ. ಅಲ್ಲಿಗೆ ಒಬ್ಬರ ಹತ್ತಿರ ಒಂದು ಸುಳ್ಳು, ಇನ್ನೊಬ್ಬರ ಹತ್ತಿರ ಇನ್ನೊಂದು. ಇಬ್ಬರೂ ಎದುರುಬದುರು ಕೂತು ಮಾತಾಡದಂತೆ ಕಾಯುವುದೇ ನನ್ನ ಕೆಲಸವಾಯಿತು.

ಎರಡು ತಿಂಗಳಿಗೆ ಅವನು ಕೆಲಸಕ್ಕೆ ಮರಳಿದ. ಒಂದೇ ಕಣ್ಣಿನಿಂದ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಕಾದ ಕಬ್ಬಿಣ ಹೊಯ್ಯುವಾಗ ಅಚ್ಚಿನ ಬಾಯಿ ತಪ್ಪಿದರೆ ಕಾಲೇ ಹೋಗುತ್ತದೆ. ಅವನನ್ನು ಮೋಲ್ಡಿಂಗ್‌ನಿಂದ ತೆಗೆದು ಮಣ್ಣು ಜರಡಿ ಹಿಡಿಯುವ ಕಡೆ ಹಾಕಿದರು. ಹದಿನೈದು ವರ್ಷ ಅಚ್ಚು ಕಟ್ಟಿದವನು, ಹೊಸದಾಗಿ ಬಂದವರಿಗೆ ಮಣ್ಣು ಸೋಸಿ ಕೊಡುತ್ತಿದ್ದ. ಊಟದ ಬಿಡುವಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದ. ಚಟ್ನಿಯನ್ನು ನನ್ನ ರೊಟ್ಟಿಯ ಮೇಲೆ ಹಾಕಲು ಹೋಗಿ ಕೆಲವು ಸಲ ಪಕ್ಕಕ್ಕೆ ಹಾಕುತ್ತಿದ್ದ. ಆಗೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಇವತ್ತು ಬೇಡ, ನಾಳೆ ಅಂದುಕೊಳ್ಳುತ್ತಿದ್ದೆ. ನನ್ನ ಸಿಟ್ಟೆಲ್ಲ ಮನೆಯಲ್ಲಿ ಹೊರಬೀಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ತಾಟು ದೂಡುತ್ತಿದ್ದೆ.

ಸುಗ್ಗಿಯ ನಂತರ ಒಂದು ಮಧ್ಯಾಹ್ನ ಅವನ ಹೆಂಡತಿ ಕಣ್ಣಿನ ಡಾಕ್ಟರ ಹತ್ತಿರ ಗಂಡನ ಔಷಧಿಗೆಂದು ಬೆಳಗಾವಿಗೆ ಬಂದವಳು, ನಮ್ಮ ಮನೆಗೂ ಬಂದಿದ್ದಳು. ನಾನು ಕೆಲಸದಲ್ಲಿದ್ದೆ. ಹೊಸ ಅಕ್ಕಿಯ ಗಂಟು ತಂದಿದ್ದಳಂತೆ. ಇಬ್ಬರೂ ಹೆಂಗಸರು ಅಡುಗೆಮನೆಯಲ್ಲಿ ಕೂತು ಚಹಾ ಕುಡಿದರಂತೆ. ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಳು.

“ಹಂದಿಗೆ ಗುಂಡ ಹೊಡ್ಯಾಕ ಹೋದಾಗ ಆತಂತ. ಖರೇನ್ರಿ?”

ಚಪ್ಪಲಿಗಳನ್ನು ಗೋಡೆಗೆ ಜೋಡಿಸಿಟ್ಟೆ.

“ಅವು ಸಪ್ಪಳದವಲ್ಲೇನ್ರಿ ಹಂಗಾರ?”

“ಅಲ್ಲ.”

“ನಾ ಮ್ಯಾಲ ಹಾಕಿದ್ನಲ್ಲಾ, ಅದಕ್ಕ ಹಿಂಗಾತೇನು?”

ಇಲ್ಲ ಅನ್ನಬೇಕಿತ್ತು, ಅಥವಾ ಹೌದು, ಆದರೆ ತಪ್ಪು ನನ್ನದು ಅನ್ನಬೇಕಿತ್ತು. ನಾನು ಎರಡನ್ನೂ ಮಾಡಲಿಲ್ಲ. ಮೂರು ತಿಂಗಳ ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು. “ಹಾಕಂತ ನಿನಗ ಹೇಳ್ದಾಂವ ಯಾರು?” ಎಂದು ಓಣಿಗೆ ಕೇಳುವಂತೆ ಕೂಗಿದೆ.

ಅವಳು ಎದುರುತ್ತರ ಕೊಡಲಿಲ್ಲ. ಒಳಗೆ ಹೋಗಿ ಮುಖ ತೊಳೆದು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ದಿನಾ ಕೂರುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕೂತಳು. ಒಂದು ಮಾತು ಮಾತ್ರ ಆಡಿದಳು, ಅದೂ ನನ್ನ ಕಡೆ ನೋಡದೆ.

“ನನ್ನ ಕೈಲೆ ಮಾಡ್ಸಿದ್ರಿ. ನನಗ ಹೇಳದ.”

ಮರುದಿನ ಫೌಂಡ್ರಿಗೆ ರಜೆ. ಅವಳು ಬೆಳಿಗ್ಗೆಯೇ ಸೀರೆ ಉಟ್ಟು ತಯಾರಾಗಿದ್ದಳು. ಖಾನಾಪುರಕ್ಕೆ ಹೋಗಿ ಬರುತ್ತೇನೆ ಅಂದಳು. ಬೇಡ ಅಂದೆ. ಕೇಳಿಸಿಕೊಳ್ಳಲೇ ಇಲ್ಲ. ನಾನೂ ಹಿಂದೆ ಹೊರಟೆ. ರೈಲಿನಲ್ಲಿ ಅವಳು ಕಿಟಕಿಗೆ ಕೂತಳು, ನಾನು ಎದುರಿಗೆ. ನಾನೇ ಹೇಳುತ್ತೇನೆ, ನೀನು ಸುಮ್ಮನಿರು ಎಂದು ದಾರಿಯುದ್ದಕ್ಕೂ ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳುವಾಗ ಅವಳು ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ. ಇಷ್ಟು ದಿನ ಹೇಳದವನು ಇವತ್ತು ಹೇಳುತ್ತೇನೆಂದರೆ ಅವಳಾದರೂ ಹೇಗೆ ನಂಬಬೇಕು?

ಖಾನಾಪುರದಿಂದ ಬಸ್ಸು, ಬಸ್ಸಿಳಿದು ನಡಿಗೆ. ಗೆಳೆಯ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬಿದಿರು ಸೀಳುತ್ತಿದ್ದ. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಅವಸರವಾಗಿ ಎದ್ದ.

“ಅರೇ, ವೈನಿ! ಬರ್ರಿ ಬರ್ರಿ, ಕುಂದರ್ರಿ. ಇದೇನ ಅಪರೂಪಕ್ಕ!”

ಅವಳು ಕೂರಲಿಲ್ಲ. ಅವನ ಹೆಂಡತಿಯೂ ಹೊರಗೆ ಬಂದು ನಿಂತಳು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಶುರು ಮಾಡಿದಳು.

“ಅಣ್ಣಾರ, ಆ ತೋಟಾ ಇವರು ತುಂಬಿದ್ದಲ್ರಿ. ನಾ ತುಂಬಿದ್ದು. ಅಳತಿ ಹಾಕಿದ ಮ್ಯಾಲ ಒಂದೊಂದ ಚಿಟಿಕಿ ಜಾಸ್ತಿ ಹಾಕೀನ್ರಿ, ಎಲ್ಲಾದಕ್ಕೂ. ಬರೇ ಸಪ್ಪಳಕ್ಕ ಅಂತ ತಿಳಕೊಂಡಿದ್ದೆ. ನಿಮ್ಮ ಕಣ್ಣು ನನ್ನ ಕೈಲೆ ಹೋತ್ರಿ.”

ಹೇಳಿ ಮುಗಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಬಿದಿರಿನ ಸೀಳನ್ನು ಕೆಳಗಿಟ್ಟ. ಒಂದೇ ಕಣ್ಣಿನಿಂದ ಯಾರನ್ನಾದರೂ ನೋಡಬೇಕೆಂದರೆ ಅವನು ಇಡೀ ತಲೆಯನ್ನೇ ತಿರುಗಿಸಬೇಕಿತ್ತು. ತಿರುಗಿಸಿ ನನ್ನನ್ನು ನೋಡಿದ.

“ಭಾಳ ಒದೀತಾವ ಅಂತ ನಾ ಬಂದು ಹೇಳ್ದಾಗ, ವೈನಿ ತುಂಬ್ಯಾರ ಅಂತ ನಿನಗ ಗೊತ್ತಿತ್ತಲ್ಲ?”

“ಗೊತ್ತಿತ್ತು.”

“ದವಾಖಾನ್ಯಾಗ ಕೇಳ್ದಾಗೂ?”

“ಗೊತ್ತಿತ್ತು.”

ಅವನು ತಲೆಯನ್ನು ಅವಳ ಕಡೆ ತಿರುಗಿಸಿದ. ಆಮೇಲೆ ಆಡಿದ್ದು ಅವಳ ಜೊತೆ.

“ಅಳಬ್ಯಾಡ್ರಿ ವೈನಿ. ನಿಮ್ಮ ಮ್ಯಾಲ ನಂಗ ಸಿಟ್ಟಿಲ್ಲ. ಖರೇ ಹೇಳ್ತೀನಿ, ಇವನ ಮ್ಯಾಲೂ ಇದ್ದಿದ್ದಿಲ್ಲ. ಇವತ್ತ ಬಂತು.”

ಅವನ ಹೆಂಡತಿ ಬಂದು ನನ್ನವಳ ಕೈ ಹಿಡಿದು ಒಳಗೆ ಕರೆದೊಯ್ದಳು. ಅವನೂ ಎದ್ದು ಹಿಂದೆ ಹೋದ. ಒಳಗೆ ತಾಟು ಇಟ್ಟ ಸದ್ದಾಯಿತು, ಅನ್ನ ಬಡಿಸಿದ ಸದ್ದಾಯಿತು. ಮಾಂಸ ಬೇಯಿಸುವ ಮನೆಯೆಂದು ಅಲ್ಲಿ ಒಂದು ಗುಟುಕು ನೀರನ್ನೂ ಮುಟ್ಟದಿದ್ದವಳು ಆ ದಿನ ಅವರ ಜೊತೆ ಕೂತು ಉಂಡಳು. ನಾನು ಕಟ್ಟೆಯ ಮೇಲೆ ಕೂತಿದ್ದೆ. ನನ್ನನ್ನು ಯಾರೂ ಊಟಕ್ಕೆ ಕರೆಯಲಿಲ್ಲ.